ಯಾವ ಆಂಕರ್ ಸ್ವಾಮಿ?

ಮಂಡ್ಯದ ಪೇಟೆ ಬೀದಿಯಲ್ಲಿ ನಮ್ಮದು ಹಾರ್ಡ್‌ವೇರ್ ಅಂಗಡಿ.
ಸಮುದ್ರ ಇಲ್ಲಿಂದ ಎಷ್ಟು ದೂರವೋ ಅಳೆದವನಲ್ಲ ನಾನು,
ಉಪ್ಪಿನ ಚೀಲ ಬಿಟ್ಟರೆ ಅದರ ಸುದ್ದಿ ಈ ಕಡೆ ಬಂದದ್ದೂ ಇಲ್ಲ.
ಆದರೂ ದಿನಕ್ಕೆ ಹತ್ತು ಸಲ ಯಾರಾದರೂ
ಕೌಂಟರಿಗೆ ಮೊಣಕೈ ಊರಿ ಕೇಳುತ್ತಾರೆ:
"ಆಂಕರ್ ಇದ್ಯಾ?"
"ಯಾವ ಆಂಕರ್ ಸ್ವಾಮಿ?"

ವೈರಿಂಗ್ ಜವರಪ್ಪನಿಗೆ ಅದು ಸ್ವಿಚ್ಚು.
ಯಾವ ಕಂಪನಿಯದಾದರೂ ಸರಿ, ಅವನ ಬಾಯಲ್ಲಿ ಆಂಕರೇ.
ಗೋಡೆಗೆ ಗೀಸರ್ ತಗುಲಿಸುವವನಿಗೆ ಬೋಲ್ಟು:
ತೂತಿಗಿಳಿಸಿ ತಿರುಗಿಸಿದಷ್ಟೂ ಒಳಗೊಳಗೇ ಉಬ್ಬಿ
ಇಟ್ಟಿಗೆಯ ಎದೆ ಕಚ್ಚಿ ಹಿಡಿಯುವ ಜಾತಿ.
ಬಾಡಿಗೆ ಮನೆ ಖಾಲಿ ಮಾಡುವಾಗ ಕೀಳಲು ಬರುವುದಿಲ್ಲ,
ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ.
ಕಸೂತಿ ಕಲಿಯುವ ಹುಡುಗಿಯರು ದಾರ ಕೇಳುತ್ತ ತಪ್ಪಿ ಬರುತ್ತಾರೆ,
"ನವಿಲು ಕತ್ತಿನ ಬಣ್ಣ, ಎರಡು ಲಡಿ."
ಎದುರಿನ ಫ್ಯಾನ್ಸಿ ಸ್ಟೋರಿಗೆ ಕೈ ತೋರಿಸುತ್ತೇನೆ.

ನನ್ನ ನಾದಿನಿಯ ಮಗಳು ತನುಜಾ ತಾನೇ ಒಬ್ಬ ಆಂಕರ್.
ಗಂಡಿನ ಕಡೆಯ ಬಸ್ಸು ಮದ್ದೂರಲ್ಲೇ ಪಂಕ್ಚರಾಗಿ ನಿಂತ ರಾತ್ರಿ
ಮೈಕು ಹಿಡಿದು ಮುನ್ನೂರು ಹಸಿದ ಹೊಟ್ಟೆಗಳನ್ನು
ಒಂದೂಕಾಲು ಗಂಟೆ ಕುರ್ಚಿಯಿಂದ ಏಳಗೊಡಲಿಲ್ಲ.
ವೇದಿಕೆ ಇಳಿದು ಬಂದ ಮೇಲೆ ನೋಡಿದೆ,
ಮಜ್ಜಿಗೆ ಲೋಟ ಹಿಡಿಯಲಾರದಷ್ಟು
ಅವಳ ಕೈ ನಡುಗುತ್ತಿತ್ತು.

ರಿಟೈರಾದ ಕನ್ನಡ ಮೇಷ್ಟ್ರು ಸೊಳ್ಳೆಪರದೆಗೆ ಮೊಳೆ ಕೊಳ್ಳುತ್ತ
"ಅಂಕುಶ, ಆಂಕರ್, ಎರಡಕ್ಕೂ ಬೇರು ಒಂದೇ ಕಣಯ್ಯ,
ಎರಡೂ ಕೊಕ್ಕೆ. ಒಂದು ಆನೆಗೆ, ಒಂದು ಹಡಗಿಗೆ" ಎಂದರು.
ಹಾಗಾದರೆ ಅಂಕೆ? ಅಂಕಿ? ಎಂದೆ.
"ಅವೂ ಅಲ್ಲೇ ಎಲ್ಲೋ," ಎನ್ನುತ್ತ ಚಿಲ್ಲರೆ ಎಣಿಸಿಕೊಂಡರು.
ಒಂದು ರೂಪಾಯಿ ನಾನೇ ಕಡಿಮೆ ಕೊಟ್ಟಿದ್ದೆ.

ಆಮೇಲೆ, ಕಳೆದ ಮಾಘದಲ್ಲಿ, ಮಂಚಯ್ಯ ಬಂದ.
ಶ್ರೀರಂಗಪಟ್ಟಣದ ಹೊಳೆಯಲ್ಲಿ ಹರಿಗೋಲು ಹಾಕುವವನು,
ಪಂಚೆ ಮೊಣಕಾಲ ಮೇಲೆ, ಹೆಗಲಲ್ಲಿ ನೈಲಾನ್ ಹಗ್ಗ.
"ಒಂದು ಆಂಕರ್ ಕೊಡಪ್ಪ."
ಯಾವ ಆಂಕರ್?
"ಅದೇಯಾ, ನೀರಿಗೆ ಬುಡೋದು."

ಮೂವತ್ತು ವರ್ಷದಲ್ಲಿ ಮೊದಲ ಸಲ
ಊರೂರು ಅಲೆದ ಆ ಮಾತಿಗೆ
ಯಾರೋ ಅದರ ಮನೆ ವಿಳಾಸ ಹೇಳಿದರು.

ಮದುವೆಗೆ ಮುಂಚಿನ ಫೋಟೋ ಹಿಡಿಯುವ ಹುಡುಗರು
ಮೈಸೂರಿಂದ ಬಂದು ಜೋಡಿಯನ್ನು ಹರಿಗೋಲಲ್ಲಿ ಕೂರಿಸಿ
"ಅಜ್ಜ, ಅಲ್ಲಾಡಬಾರದು, ಆಂಕರ್ ಹಾಕಿ" ಅಂತಾರಂತೆ.
"ನಾವು ಗುಂಡು ಅಂತಿದ್ದೋ. ಹೊಳೆ ಕಲ್ಲು ನುಣ್ಣಗೆ,
ಗಂಟಿಂದ ಜಾರ್ಕಂಡು ಹೊಯ್ತದೆ. ಮೊನ್ನೆ ಹೆಣ್ಣೂ ಗಂಡೂ
ಸೇತ್ವೆ ತಂಕ ಗಿರಗಿರ ತಿರುಗ್ತಾ ಹೋದ್ರು.
ಹುಡ್ಗ ಅಳಕ್ಕೇ ಸುರು ಮಾಡ್ದ, ಆ ಹೆಣ್ಣು ನಗಾಡ್ತು.
ಒಳ್ಳೆ ಹೆಣ್ಣು."

ಅಟ್ಟ ಹತ್ತಿ ಇಳಿದೆ. ಇರುವುದರಲ್ಲೇ ದೊಡ್ಡ ಬೋಲ್ಟು ತಂದೆ.
ಅಂಗೈಲಿಟ್ಟು ತೂಗಿ ನೋಡಿ
"ಇದ್ನ ಮೀನು ನುಂಗ್ತದೆ" ಎಂದ.

ಗಾಜಿನ ಬಾಗಿಲಿಗೆ ಒತ್ತಾಗಿ ಕೂತಿತ್ತು
ಅಪ್ಪನ ಕಾಲದ ಹತ್ತು ಕೆಜಿಯ ತೂಕದ ಕಲ್ಲು.
ಕಬ್ಬಿಣದ್ದೇ, ಆದರೂ ನಾವು ಕಲ್ಲೆನ್ನುತ್ತೇವೆ.
ಎಲೆಕ್ಟ್ರಾನಿಕ್ ತಕ್ಕಡಿ ಬಂದಂದಿನಿಂದ ಕೆಲಸವಿಲ್ಲ ಅದಕ್ಕೆ.
ಅಡಿಯಲ್ಲಿ ಸೀಸದ ಮುದ್ರೆ, ನೆತ್ತಿಯಲ್ಲಿ ಗಟ್ಟಿ ಬಳೆ.
ಮಂಚಯ್ಯ ಬಳೆಯೊಳಗೆ ಹಗ್ಗ ತೂರಿಸಿ
ನನಗೆ ಹೆಸರು ತಿಳಿಯದ ಒಂದು ಗಂಟು ಬಿಗಿದು
ಜಗ್ಗಿ ನೋಡಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಜಗ್ಗಿದ.

ದುಡ್ಡು ಬೇಡವೆಂದೆ. ಬಿಲ್ಲು ಬೇಕೇಬೇಕೆಂದ,
"ಬಸ್ಸಲ್ಲಿ ಕೇಳ್ತಾರೆ, ಕದ್ದಿದ್ದು ಅನ್ಕತ್ತಾರೆ."
ಬರೆದೆ: ಆಂಕರ್, ಒಂದು.
ದರದ ಕಡೆ ಒಂದು ಗೆರೆ ಎಳೆದೆ.

ಅಂದಿನಿಂದ ಗಾಳಿ ಬಂದಾಗಲೆಲ್ಲ ಬಾಗಿಲು ಢಬ್ಬೆಂದು ಬಡಿಯುತ್ತದೆ.
ಬೇರೆ ಒತ್ತು ಇಡಬೇಕು, ಇಟ್ಟಿಲ್ಲ.
ಬಂದ ಗಿರಾಕಿ ಒಂದು ಕಾಲಲ್ಲಿ ಅದನ್ನು ತಡೆದು ನಿಂತು
ಅಲ್ಲಿಂದಲೇ ಕೂಗುತ್ತಾನೆ:
"ಆಂಕರ್ ಇದ್ಯಾ?"